ಮತ್ತ ಹೊರಗಾಗ್ಯಾಳ

ಅವರ ಬಲಗೈ ನಡುಬೆರಳಿನ ಗೆಣ್ಣಿನ ಪಕ್ಕದಲ್ಲಿ ಹುಣಸೆಬೀಜದಷ್ಟು ದಪ್ಪನೆಯ ಜಡ್ಡು ಇದೆ. ಪೆನ್ನು ಹಿಡಿದು ಹಿಡಿದು ಆದದ್ದು. ಅದರೊಳಗೆ ಇಳಿದ ನೀಲಿ ಶಾಯಿ ಎಷ್ಟು ತೊಳೆದರೂ ಹೋಗುವುದಿಲ್ಲ.

ಸವಣೂರಿನ ಒಂದು ಸಣ್ಣ ದವಾಖಾನೆಯ ನರ್ಸ್ ಅವರು, ಎಲ್ಲರಿಗೂ ಸಿಸ್ಟರ್. ನನಗೆ ಹದಿನಾಲ್ಕಾಗಿದ್ದಾಗ ಅವ್ವ ನನ್ನನ್ನು ಅವರ ಮುಂದೆ ಕೂರಿಸಿ, ನನ್ನ ಹೊಟ್ಟೆನೋವನ್ನು ತಾನೇ ವರ್ಣಿಸತೊಡಗಿದಳು. “ಬ್ಯಾನಿ ನಿಮಗೇನ್ರಿ, ಅಕ್ಕಾರ?” ಎಂದು ಕೇಳಿ ಸಿಸ್ಟರ್ ಅವಳನ್ನು ಬಾಗಿಲಾಚೆ ಕಳಿಸಿದರು. ನಾನು ಬಾಯಿ ಬಿಡುವವರೆಗೆ ಸುಮ್ಮನೆ ಕುಳಿತರು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು: “ಓದವಾ. ಹಿಂಗ ಅಂದಿಯಲ್ಲ?” ಅದುವರೆಗೆ ನನ್ನ ಮಾತನ್ನು ನನಗೇ ತೋರಿಸಿ ಸರಿಯೇ ಎಂದು ಯಾರೂ ಕೇಳಿರಲಿಲ್ಲ. ಆ ಋಣ ಇನ್ನೂ ಇದೆ.

ಅವರ ಪುಸ್ತಕಗಳ ತುಂಬ ರೋಗಿಗಳ ಮಾತುಗಳೇ. ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಡಾಕ್ಟರು ಹೇಳಿದರೆ, “ನಾ ಇಂಗ್ಲಿಷ್ ಮಾಡಿದ್ರ ಆಕಿ ಬ್ಯಾನಿ ಹೋಗಿ ನಂದಾಕ್ಕೈತ್ರಿ ಸರ” ಎನ್ನುತ್ತಿದ್ದರು.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದ ಮೇಲೆ ದವಾಖಾನೆಗಳ ದಾಖಲೆ ನೋಡುವ ಕಚೇರಿಯೊಂದರಲ್ಲಿ ನನಗೆ ಸಿಕ್ಕಿದ್ದು ಅದೇ ಪುಸ್ತಕಗಳ ಕೆಲಸ. ಪುಟಗಳ ಫೋಟೊಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದು ಓದಿ, ವಯಸ್ಸು, ಲಕ್ಷಣ, ಮುಂದಿನ ಕ್ರಮ ಎಂದು ಕೋಷ್ಟಕ ತುಂಬುತ್ತಿತ್ತು. ಅದಕ್ಕೆ ಅನುಮಾನವಿದ್ದ ಸಾಲು ಕೆಂಪು, ಇಲ್ಲದ್ದು ಹಸಿರು. ಕೆಂಪಾದರೆ ಮಾತ್ರ ನಾನು ಮೂಲಪುಟ ತೆರೆಯಬೇಕು. ಹಸಿರಿನ ಮೇಲೆ ಹೊತ್ತು ಹಾಳುಮಾಡಬಾರದು ಎಂಬುದು ಕಚೇರಿಯ ನಿಯಮ. ದವಾಖಾನೆಗೆ ಹೊರಗಿನಿಂದ ದೊಡ್ಡ ಡಾಕ್ಟರು ಬರುವ ದಿನ ಯಾರನ್ನು ಕರೆಸಬೇಕೆಂದು ಮೊದಲೆಲ್ಲ ಸಿಸ್ಟರ್ ಪುಸ್ತಕ ತಿರುವಿ ಪಟ್ಟಿ ಮಾಡುತ್ತಿದ್ದರು. ಈಗ ಪುಸ್ತಕಗಳು ನಮ್ಮ ಕಚೇರಿಯಲ್ಲಿ, ಪಟ್ಟಿ ಕೋಷ್ಟಕದಿಂದ.

ಮೊದಲ ತಿಂಗಳೇ ಸಿಸ್ಟರ್ ಫೋನ್ ಮಾಡಿದ್ದರು. “ಹತ್ತಿಮತ್ತೂರಿನ ಆ ಮುದುಕಿ ಹೆಸರು ಪಟ್ಟಿಯಾಗ ಯಾಕ ಬಂದಿಲ್ಲ, ತಂಗಿ?”

ನಾನು ಕೋಷ್ಟಕ ನೋಡಿ ಹೇಳಿದೆ: “ಊರಾಗ ಇಲ್ಲಂತ್ರಿ, ಸಿಸ್ಟರ್.”

“ಮಗಳ ಊರಿಗೆ ಹೋಗ್ಯಾಳೇನೊ,” ಎಂದು ಫೋನ್ ಇಟ್ಟರು.

ಆಕೆ ಊರಲ್ಲೇ ಇದ್ದಳು. ನಾಲ್ಕು ತಿಂಗಳ ನಂತರ ಮನೆಯವರು ಟಂಟಂ ಆಟೋದಲ್ಲಿ ಮಲಗಿಸಿ ದವಾಖಾನೆಗೆ ಕರೆತಂದರು. ಹುಬ್ಬಳ್ಳಿಯಲ್ಲಿ ಪರೀಕ್ಷಿಸಿದಾಗ ಕ್ಯಾನ್ಸರ್ ಗರ್ಭಕೋಶ ದಾಟಿತ್ತು. ಆಗ ನಾನು ಮೂಲಪುಟ ತೆರೆದೆ. ಸಿಸ್ಟರ್ ಬರೆದದ್ದು: “ವಯಸ್ಸು ಅರವತ್ತು. ಮತ್ತ ಹೊರಗಾಗ್ಯಾಳ.” ಮುಟ್ಟು ನಿಂತು ಹತ್ತು ವರ್ಷವಾದವಳಿಗೆ ಮತ್ತೆ ರಕ್ತ. ‘ಹೊರಗಾಗುವುದು’ ಎಂದರೆ ಮುಟ್ಟಾಗುವುದು ಎಂದು ಗೊತ್ತಿಲ್ಲದ ಹೆಂಗಸು ಈ ಸೀಮೆಯಲ್ಲಿಲ್ಲ. ತಂತ್ರಾಂಶ ಅದನ್ನು ‘ಹೊರಗೆ ಹೋಗಿದ್ದಾರೆ, ಊರಲ್ಲಿಲ್ಲ’ ಎಂದು ಓದಿತ್ತು. ಅನುಮಾನವೇ ಬಂದಿರಲಿಲ್ಲ ಅದಕ್ಕೆ. ಸಾಲು ಹಸಿರು.

ಕಚೇರಿಯಲ್ಲಿ ಸಭೆ ಕರೆದರು, ಸಿಸ್ಟರನ್ನೂ ಕೂರಿಸಿದರು. “ಸಿಸ್ಟರ್, ನೀವು ಸರಿಯಾದ ಪದ ಬರೆದಿದ್ರೆ ಹೀಗಾಗ್ತಿರ್ಲಿಲ್ಲ. ಇನ್ಮೇಲೆ ನಾವು ಕೊಟ್ಟ ಪದಗಳಲ್ಲೇ ಆರಿಸಿ,” ಎಂದ ನಮ್ಮ ಮ್ಯಾನೇಜರ್.

“ನಾ ಬರದದ್ದು ಸರಿ ಐತ್ರಿ. ಓದಾಕ ಬರಲಾರದ್ದರ ಕೈಯಾಗ ಕೊಟ್ಟೀರಿ ನೀವು.” ಹಾಗೆಂದು ಸಿಸ್ಟರ್ ನನ್ನ ಕಡೆ ತಿರುಗಿದರು. “ನೀನೂ ಹೆಣ್ಮಗಳು. ನಿನಗರ ತಿಳೀಲಿಲ್ಲೇನವಾ?”

“ಪುಟ ನೋಡ್ಲೇ ಇಲ್ರಿ. ಸಾಲು ಹಸರಿತ್ತು.”

“ಹಸರಿತ್ತಂತ! ಹೊಲ ನೋಡಾಕ ಹೋಗಿದ್ದಿಯೇನ?”

ಮ್ಯಾನೇಜರ್ ನಕ್ಕ. ಒಬ್ಬಾಕೆ ಸಾಯುತ್ತಿದ್ದಾಳೆ, ಇವನು ನಕ್ಕ. ವರದಿಯಲ್ಲಿ ‘ನರ್ಸ್ ಬರವಣಿಗೆಯ ದೋಷ’ ಎಂದು ಬರೆಯಲು ನನಗೇ ಹೇಳಿದ. ಸಿಸ್ಟರ್ ಎದುರೇ ಹೇಳಿದ. ನಾನು ತಲೆ ಎತ್ತಲಿಲ್ಲ. ಅವನ ಮೇಲಿನ ಸಿಟ್ಟು ಒಂದು ದಿನ ಇಳಿಯಬಹುದು. ನನ್ನ ಆ ಮೌನದ ಮೇಲಿನದು ಇಳಿಯುವಂಥದ್ದಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋದೆ. ದೋಷ ತಂತ್ರಾಂಶದ ಓದಿನದು, ನೋಡದೆ ದಾಟಿಸಿದವಳು ನಾನು ಎಂದು ವರದಿ ಬರೆದು, ಹೆಸರು ಹಾಕಿ ಕಳಿಸಿದೆ. ಆಮೇಲೆ ‘ಊರಲ್ಲಿಲ್ಲ’ ಎಂದಿದ್ದ ಸಾಲುಗಳನ್ನೆಲ್ಲ ಬೇರೆ ಮಾಡಿ, ಒಂದೊಂದರ ಪುಟ ತೆರೆಯುತ್ತ ಹೋದೆ. ಮೊದಲ ಇಬ್ಬರು ನಿಜವಾಗಿಯೂ ಊರಲ್ಲಿರಲಿಲ್ಲ. ಮೂರನೆಯವಳಿಗೆ ಐವತ್ತೆಂಟು, ಪುಟದಲ್ಲಿ ಅದೇ ಮಾತು. ಸಿಸ್ಟರ್‌ಗೆ ಫೋನ್ ಮಾಡಿ ಹೆಸರು, ಊರು ಹೇಳಿದೆ.