ಅಪ್ಪನ ಬ್ರಾಂಡಿ ನಿಂತುಹೋದ ವರ್ಷ

ನನ್ನ ಹೊಟ್ಟೆಪಾಡು ಮದ್ಯದ ಕಂಪನಿಯೊಂದರಲ್ಲಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು, ಈ ನಾಲ್ಕು ಊರಿನ ಬಾರು ಮತ್ತು ವೈನ್ ಶಾಪುಗಳನ್ನು ಬೈಕಿನಲ್ಲಿ ಸುತ್ತುತ್ತೇನೆ. ನಮ್ಮ ಬಾಟಲಿ ಕಪಾಟಿನ ಮುಂದಿನ ಸಾಲಿನಲ್ಲಿದೆಯೇ ಎಂದು ನೋಡುವುದು, ಯಾವ ಊರಿನವರು ಈಗ ಏನು ಕುಡಿಯುತ್ತಿದ್ದಾರೆಂದು ವಿಚಾರಿಸಿ ಮೇಲಿನವರಿಗೆ ತಿಳಿಸುವುದು ನನ್ನ ಕೆಲಸ. ನಾನು ಕುಡಿಯುವುದಿಲ್ಲ. ಹಾಗೆಂದರೆ ಬಾರಿನವರು ನಗುತ್ತಾರೆ, ಅದಕ್ಕೇ ಈಗ ಹೇಳುವುದನ್ನೂ ಬಿಟ್ಟಿದ್ದೇನೆ.

ಊರಿಗೊಂದು ರುಚಿ. ಇಳಕಲ್ಲಿನಲ್ಲಿ ಕಲ್ಲಿನ ಫ್ಯಾಕ್ಟರಿ ಬಿಟ್ಟು ಬಂದವರಿಗೆ ಗಂಟಲಿನ ಧೂಳು ತೊಳೆದರೆ ಸಾಕು. ಟೆಟ್ರಾ ಪ್ಯಾಕೆಟ್ಟಿನ ವಿಸ್ಕಿಯ ಮೂಲೆ ಹಲ್ಲಿನಿಂದ ಕಚ್ಚಿ ನಿಂತಲ್ಲೇ ಮುಗಿಸುತ್ತಾರೆ. ಹುನಗುಂದದಲ್ಲಿ ಕೂತು ಕುಡಿಯುವವರು ಕಡಿಮೆ, ಎಲ್ಲ ಪಾರ್ಸೆಲ್. ಬಾಗಲಕೋಟೆಯ ನವನಗರದ ಎ.ಸಿ. ಬಾರುಗಳಲ್ಲಿ ಹೊಸದಾಗಿ ಸಂಬಳ ಕಂಡ ಹುಡುಗರು ಹಸಿರು ಸೇಬಿನ ವಾಸನೆಯ ವೋಡ್ಕಾ ಕೇಳುತ್ತಾರೆ. ಬಾದಾಮಿಯ ರೆಸಾರ್ಟುಗಳಲ್ಲಿ ಪ್ರವಾಸಿಗಳಿಗೆ ಕಾಕ್‌ಟೇಲ್ ಬೇಕು. ದಾಳಿಂಬೆ, ಬೆಲ್ಲ, ಕರಿಬೇವು ಹಾಕಿ, ಗಾಜಿನ ಗುಮ್ಮಟದೊಳಗೆ ಹೊಗೆ ತುಂಬಿ ತಂದಿಡುತ್ತಾರೆ. ಬಂದವರು ಮೊದಲು ಫೋಟೊ ತೆಗೆದು ಆಮೇಲೆ ಕುಡಿಯುತ್ತಾರೆ. ಇದನ್ನೆಲ್ಲ ಮೀಟಿಂಗಿನಲ್ಲಿ ಟ್ರೆಂಡ್ ಎನ್ನುತ್ತಾರೆ.

ಯಾವ ಟ್ರೆಂಡಿಗೂ ಸಿಗದ ಗಿರಾಕಿಗಳೂ ನನ್ನ ಊರುಗಳಲ್ಲಿದ್ದಾರೆ. ಅವರು ಸತ್ತವರು.

ಮಹಾನವಮಿ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಹೋದವರು ಇದ್ದಾಗ ಏನನ್ನು ಆಸೆಪಟ್ಟು ತಿನ್ನುತ್ತಿದ್ದರೋ ಅದೇ ಆಗಬೇಕು. ಹೋಳಿಗೆಯ ಪಕ್ಕ ಒಬ್ಬರಿಗೆ ಬೀಡಿ, ಒಬ್ಬರಿಗೆ ಎಲೆಯಡಿಕೆ, ಕುಡಿಯುವವರಾಗಿದ್ದರೆ ಅವರ ಬಾಟಲಿ. ಯಾವುದೋ ಬಾಟಲಿ ನಡೆಯುವುದಿಲ್ಲ, ಅವರದೇ ಬೇಕು. ಇದ್ದವರು ವರ್ಷಕ್ಕೊಂದು ಬ್ರ್ಯಾಂಡ್ ಬದಲಿಸಬಹುದು, ಸತ್ತವರು ಬದಲಿಸುವುದಿಲ್ಲ. ಹಾಗಾಗಿ ಅಮಾವಾಸ್ಯೆಯ ಹಿಂದಿನ ವಾರ ನಮ್ಮ ಕಂಪನಿಯ ಒಂದು ಹಳೆಯ ಬ್ರಾಂಡಿ, ವರ್ಷವಿಡೀ ಕಪಾಟಿನ ಹಿಂದೆ ಧೂಳು ತಿನ್ನುತ್ತಿದ್ದದ್ದು, ಇದ್ದಕ್ಕಿದ್ದಂತೆ ನಾಲ್ಕೂ ಊರುಗಳಲ್ಲಿ ಖರ್ಚಾಗಿಬಿಡುತ್ತಿತ್ತು. ಕೊಳ್ಳಲು ಬರುವವರು ಹೆಚ್ಚಾಗಿ ಹೆಂಗಸರು. ಸೆರಗಿನೊಳಗೆ ಕ್ವಾರ್ಟರ್ ಬಾಟಲಿ ಮುಚ್ಚಿಕೊಂಡು, "ನಮ್ಮನ್ಯಾವರು ಇದನ್ನ ಬಿಟ್ಟು ಬ್ಯಾರೇದು ಮುಟ್ಟೂದಿಲ್ರಿ" ಎನ್ನುತ್ತಾರೆ. ಸತ್ತು ಎಷ್ಟು ವರ್ಷವಾದರೂ 'ಮುಟ್ಟೂದಿಲ್ಲ' ಎಂದೇ ಹೇಳುತ್ತಾರೆ.

ಅಪ್ಪನದೂ ಅದೇ ಬ್ರಾಂಡಿ. ಹಳೇ ಬಾಗಲಕೋಟೆಯ ಪೇಟೆಯಲ್ಲಿ ಅಂಗಿ ಹೊಲಿಯುತ್ತಿದ್ದ ಅವನು ಸಂಜೆ ಮಷಿನ್ನಿಗೆ ಬಟ್ಟೆ ಹೊದಿಸಿ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದ. ಗ್ಲಾಸಿಗೆ ಬೆರಳದ್ದಿ ನೆಲಕ್ಕೆ ನಾಲ್ಕು ಹನಿ ಸಿಡಿಸಿ, "ಹಿರ್ಯಾರ ಪಾಲು" ಎಂದು ಆಮೇಲೆ ತಾನು ಕುಡಿಯುತ್ತಿದ್ದ. ಲವಂಗ, ಸುಟ್ಟ ಬೆಲ್ಲ, ಒಣದ್ರಾಕ್ಷಿ ಬೆರೆತಂಥ ಆ ವಾಸನೆ ನನ್ನ ಪಾಲಿಗೆ ಅಪ್ಪನ ಅಂಗಿಯ ವಾಸನೆ. ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಅವನು ತೀರಿಕೊಂಡ. ಆಮೇಲೆ ಆಣೆಕಟ್ಟಿನ ಹಿನ್ನೀರು ಬಂತು. ಮನೆ, ಮೆಟ್ಟಿಲು, ಅವನು ಹನಿ ಸಿಡಿಸಿದ ನೆಲ ಎಲ್ಲ ಮುಳುಗಿದವು. ನಮಗೆ ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲಿ ಜಾಗ ಸಿಕ್ಕಿತು.

ಅಂದರೆ ಅಪ್ಪ ನವನಗರದ ಮನೆಯನ್ನು ನೋಡಿಯೇ ಇಲ್ಲ. ಅವ್ವನಿಗೆ ಇದೊಂದೇ ಚಿಂತೆ. ಸೆಕ್ಟರು, ಕ್ರಾಸು, ಒಂದೇ ಅಚ್ಚಿನ ಮನೆಗಳು. ಬದುಕಿದ್ದವರೇ ಮೊದಮೊದಲು ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದರು. "ವಾಸನಿ ಹಿಡದು ಬರ್ತಾರ" ಎನ್ನುತ್ತಿದ್ದಳು. ಎಡೆಯ ದಿನ ಬ್ರಾಂಡಿಯ ಮುಚ್ಚಳ ತೆಗೆದು ಹೊಸ್ತಿಲ ಹತ್ತಿರ ಇಟ್ಟು, ಬಾಗಿಲು ಪೂರ್ತಿ ತೆರೆಯುತ್ತಿದ್ದಳು. ಪ್ರತಿ ವರ್ಷ ಯಾವುದೋ ಒಂದು ಗಳಿಗೆಯಲ್ಲಿ, "ಬಂದ್ರು" ಎಂದು ಮೆಲ್ಲಗೆ ಹೇಳಿ ಒಳಗೆ ಹೋಗುತ್ತಿದ್ದಳು. ಅವಳಿಗೆ ಏನು ಕಾಣುತ್ತಿತ್ತೋ ನಾನು ಕೇಳಲಿಲ್ಲ. ಆದರೆ ಆ ಹೊತ್ತಿನಲ್ಲಿ ನಾನೂ ಹೊಸ್ತಿಲಿನಿಂದ ಸ್ವಲ್ಪ ಸರಿದು ನಿಲ್ಲುತ್ತಿದ್ದೆ.

ಕಂಪನಿ ಆ ಬ್ರಾಂಡಿಯನ್ನು ನಿಲ್ಲಿಸುವುದಾಗಿ ಹೇಳಿದ್ದು ಒಂದು ಮೀಟಿಂಗಿನಲ್ಲಿ. ಗೋಡೆಯ ಮೇಲೆ ಮಾರಾಟದ ಲೆಕ್ಕದ ಬಣ್ಣಬಣ್ಣದ ಕಂಬಗಳನ್ನು ತೋರಿಸಿ ಮ್ಯಾನೇಜರ್, "ಈ ಭಾಗದ ಗ್ರಾಹಕ ಮೇಲಕ್ಕೆ ಹೋಗ್ತಿದಾನೆ" ಎಂದರು. ದುಬಾರಿ ಮಾಲು ಕೇಳುತ್ತಿದ್ದಾನೆ ಎಂದರ್ಥ. ನಾನು ಎದ್ದು ನಿಂತು, "ಸರ್, ಅಮಾವಾಸ್ಯೆಗೆ ಇದು ತಪ್ಪದೆ ಹೋಗುತ್ತೆ" ಎಂದೆ.

"ಯಾರು ತಗೋತಾರೆ?"

"ತೀರಿಕೊಂಡವರು."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನೂ ನಗಬೇಕಾಯಿತು. ನನ್ನ ಮಾತು ತಮಾಷೆಯಾಗಿ ಹೋದದ್ದಕ್ಕೆ ಆಮೇಲೆ ಬಹಳ ಸಿಟ್ಟು ಬಂತು. ಉಳಿದ ಮಾಲಿನಲ್ಲಿ ಒಂದು ಬಾಟಲಿ ಎತ್ತಿಟ್ಟುಕೊಂಡದ್ದರಿಂದ ಹೋದ ವರ್ಷದ ಎಡೆ ಹೇಗೋ ನಡೆಯಿತು. ಈ ವರ್ಷಕ್ಕೆ ಏನೂ ಇರಲಿಲ್ಲ.

ಅಮಾವಾಸ್ಯೆ ಹತ್ತಿರ ಬಂದಾಗ ಅವ್ವನಿಗೆ ಕನಸು ಶುರುವಾಯಿತು. ಅಪ್ಪ ಒದ್ದೆ ಧೋತರ ಉಟ್ಟುಕೊಂಡು ನವನಗರದ ಕ್ರಾಸಿನಲ್ಲಿ ನಿಂತು ಗೇಟುಗಳನ್ನು ನೋಡುತ್ತಾನಂತೆ. ಇವಳು ಕೂಗಲು ಹೋದರೆ ದನಿ ಹೊರಡುವುದಿಲ್ಲವಂತೆ. ಬೆಳಿಗ್ಗೆ ಚಹಾದ ಮುಂದೆ ಅದನ್ನು ಹೇಳಿ, "ಎಲ್ಲೆರೆ ಒಂದು ಬಾಟ್ಲಿ ಸಿಗ್ತೈತೇನ್ ನೋಡೋ ಯಪ್ಪಾ" ಎಂದಳು.

ಹುಡುಕಿದೆ. ಇಳಕಲ್ಲಿನ ಶಾಪಿನವನು ಏಣಿ ಹತ್ತಿ ಅಟ್ಟದ ಮೇಲೆ ಟಾರ್ಚ್ ಬಿಟ್ಟು ನೋಡಿ ಬರಿಗೈಲಿ ಇಳಿದ. ಹುನಗುಂದದ ಬಾರಿನ ಮಾಲೀಕರು ವಯಸ್ಸಾದವರು, ನನ್ನನ್ನು ಕೂರಿಸಿ ನೀರು ಕೊಟ್ಟು, "ನೀವೊಬ್ಬರ ಅಲ್ರಿ, ಭಾಳ ಮಂದಿ ಕೇಳಾಕತ್ತಾರ. ಹೋದ ವರ್ಷ ಅಮಾಸಿಗೆ ಒಬ್ಬಾಕಿ ಮುದುಕಿಗೆ ವಿಸ್ಕಿ ಕೊಟ್ಟು ಕಳಿಸಿದ್ದೆ. ಮರುದಿನ ತಂದು ಟೇಬಲ್ ಮ್ಯಾಲ ಇಟ್ಟು, ನಮ್ಮನ್ಯಾವರು ಹೊಳ್ಳಿ ಹೋದ್ರು ಅಂತ ಅತ್ಲು" ಎಂದರು. ಆ ಬಾಟಲಿಯನ್ನು ಮತ್ತೆ ಮಾರಲು ಅವರಿಗೆ ಮನಸ್ಸಾಗಿರಲಿಲ್ಲ. ಗಣಪತಿ ಫೋಟೊದ ಕೆಳಗೆ ಹಾಗೇ ಇತ್ತು. ಅದರ ಕಡೆ ಬೆನ್ನು ಮಾಡಿ ಕೂರಲು ನನಗೆ ಧೈರ್ಯ ಬರಲಿಲ್ಲ.

ಕೊನೆಗೆ ಬಾದಾಮಿ. ಚೊಳಚಗುಡ್ಡದ ರಸ್ತೆಯ ರೆಸಾರ್ಟಿನಲ್ಲಿ ಕಾಕ್‌ಟೇಲ್ ಮಾಡುವವನು ದಕ್ಷಿಣದ ಕಡೆಯವನು, ನನಗೆ ಪರಿಚಯ. ಹಳೆಯ ಬ್ರಾಂಡಿ ಅವನ ಹತ್ತಿರವೂ ಇರಲಿಲ್ಲ. "ವಾಸನೆ ಹೇಗಿತ್ತು ಹೇಳಿ ಸಾರ್, ಕೂಡಿಸೋಣ" ಎಂದ. ಬೇರೊಂದು ಬ್ರಾಂಡಿಗೆ ಹುರಿದ ಲವಂಗ, ಸುಟ್ಟ ಬೆಲ್ಲ, ಕಿವುಚಿದ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆಯ ಒಂದು ಚೂರು ಹಾಕಿ ಕಲಕಿ ಮೂಗಿನ ಹತ್ತಿರ ಹಿಡಿದ. ಆ ಕ್ಷಣ ನನ್ನ ಬೆನ್ನ ಹಿಂದೆ ಯಾರೋ ಉಸ್ಸೆಂದು ಕೂತಂತಾಯಿತು, ದಿನವಿಡೀ ಮಷಿನ್ ತುಳಿದು ಬಂದವರು ಕೂರುವ ಹಾಗೆ. ತಿರುಗಿ ನೋಡಿದೆ. ಖಾಲಿ ಕುರ್ಚಿ. ಪಕ್ಕದ ಟೇಬಲಿನವರು ಹೊಗೆಯ ಗ್ಲಾಸಿನ ಫೋಟೊ ತೆಗೆಯುತ್ತಿದ್ದರು. ನನಗೆ ಅಳು ಬಂತು, ಹೆದರಿಕೆಯೂ ಆಯಿತು.

ಅದನ್ನು ಬಾಟಲಿಗೆ ತುಂಬಿಸಿಕೊಂಡು ಅಮಾವಾಸ್ಯೆಯ ಮಧ್ಯಾಹ್ನ ಮನೆಗೆ ತಂದೆ. ಹೋಳಿಗೆ ಆಗಿತ್ತು, ಎಡೆಯ ಬಾಳೆಲೆ ಹಾಸಿತ್ತು. ಅವ್ವ ಮುಚ್ಚಳ ತೆಗೆದು ಮೂಸಿದಳು, ಮತ್ತೊಮ್ಮೆ ಮೂಸಿದಳು.

"ಇದು ಮದಿವಿ ಮನಿ ವಾಸನಿ" ಎಂದಳು. "ಭಾಳ ಚೊಲೊ ಐತಿ. ಆದ್ರ ಅವರು ಯಾರದೋ ಮದಿವಿ ಅಂತ ತಿಳದು ಹೊರಗ ನಿಂತ್ಕೋತಾರ. ಕರೀದ ಮನಿಗೆ ಹೋದವರಲ್ಲ ಅವರು."

ಅವ್ವ ಬಾಟಲಿ ಪಕ್ಕಕ್ಕಿಟ್ಟು ಎಲೆಯ ಮುಂದಿನಿಂದ ಎದ್ದಳು. ಸೆರಗು ಸರಿಮಾಡಿಕೊಂಡು, "ಗಾಡಿ ತಗಿ. ಊರಿಗೆ ಹೋಗೂಣು" ಎಂದಳು. ಅವಳಿಗೆ ಊರು ಅಂದರೆ ಇಂದಿಗೂ ಹಳೇ ಬಾಗಲಕೋಟೆ.

ಮಳೆಗಾಲ ಮುಗಿದಿತ್ತು, ಹಿನ್ನೀರು ತುಂಬಿ ನಿಂತಿತ್ತು. ಹಳೆಯ ಓಣಿಯೊಂದು ಕೆಳಗಿಳಿಯುತ್ತ ಹೋಗಿ ನೀರೊಳಗೆ ಸೇರುವ ಜಾಗದಲ್ಲಿ ಬೈಕ್ ನಿಲ್ಲಿಸಿದೆ. ಬಿಸಿಲು ಇಳಿಯುತ್ತಿತ್ತು. ಅವ್ವ ಚಪ್ಪಲಿ ಬಿಟ್ಟು ಪಾದ ಮುಳುಗುವವರೆಗೆ ನೀರಿಗಿಳಿದಳು. ನಮ್ಮ ಮನೆ ಇದ್ದ ದಿಕ್ಕಿಗೆ ಮುಖ ಮಾಡಿದಳು. ಅಪ್ಪ ಇದ್ದಾಗ ಅವನೆದುರು ಜೋರು ದನಿ ತೆಗೆಯದವಳು ಈಗ ಗಂಟಲು ಬಿಚ್ಚಿ ಕೂಗಿದಳು.

"ಏನ್ರಿ, ಇಲ್ಲಿ ಕೇಳ್ರಿ. ಆ ಬ್ರಾಂಡಿ ಬಂದ್ ಆತ್ರಿ. ಹುಡುಗ ಎಲ್ಲಾ ಕಡೆ ಹುಡುಕ್ಯಾಡಿದ, ಸಿಗಲಿಲ್ಲ. ಇನ್ನ ವಾಸನಿ ಇರೂದಿಲ್ಲ. ದಾರಿ ಹೇಳ್ತೇನಿ, ನೆನಪಿಟ್ಕೊಳ್ರಿ. ಈ ರಸ್ತೆ ಹಿಡದು ವಿದ್ಯಾಗಿರಿ ದಾಟ್ರಿ. ನವನಗರದಾಗ ಎಲ್ಲಾ ಮನಿ ಒಂದ ಥರಾ ಅದಾವು, ಗಾಬರಿ ಆಗಬ್ಯಾಡ್ರಿ. ನೀರಿನ ಟಾಕಿ ಬಂದ ಮ್ಯಾಲೆ..."

ಅಲ್ಲಿ ತಡವರಿಸಿದಳು. ದಿನಾ ನಡೆದಾಡುವ ದಾರಿಯ ತಿರುವು ಅವಳಿಗೆ ನೆನಪಾಗಲಿಲ್ಲ. "ಎಡಕ್ಕ, ಅವ್ವಾ" ಎಂದೆ. ಅವಳು ತಡೆಯುವಂತೆ ನನ್ನ ಕಡೆ ಕೈ ಎತ್ತಿದಳು.

"ನೀ ಸುಮ್ಮನಿರು. ನಿನ್ನ ದನಿ ಅವರಿಗೆ ಗುರ್ತ ಹತ್ತೂದಿಲ್ಲ. ಅವರು ಹೋದಾಗ ನಿನ್ನ ದನಿ ಒಡದಿರಲಿಲ್ಲ."

ಆಮೇಲೆ ನೀರಿನ ಕಡೆ ತಿರುಗಿ, "ಟಾಕಿ ಬಂದ ಮ್ಯಾಲೆ ಎಡಕ್ಕ ಹೊಳ್ರಿ. ಬೇವಿನ ಗಿಡ ಐತಿ, ಹಸರ ಗೇಟು. ಬಾಗಲಾ ತಗದ ಇಟ್ಟಿರ್ತೇನಿ" ಎಂದಳು.

ನಾನು ದಂಡೆಯ ಮೇಲೆ ನಿಂತೇ ಇದ್ದೆ. ಅವಳು ಹೇಳಿದ್ದು ಎದೆಯಲ್ಲಿ ಕೂತುಬಿಟ್ಟಿತ್ತು. ಇಷ್ಟು ವರ್ಷ ಅಪ್ಪ ಮನೆ ಗುರುತಿಸುತ್ತಾನೋ ಇಲ್ಲವೋ ಎಂದು ನಾವು ಹೆದರಿದ್ದೆವು. ನನ್ನನ್ನು ಗುರುತಿಸುತ್ತಾನೋ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಬಂದರೂ ಅವನ ಕಣ್ಣಿಗೆ ನಾನು ಬಾಗಿಲಲ್ಲಿ ನಿಂತ ಯಾವನೋ ಗಂಡಸು. ನನಗೀಗ ಅವನಿಗಿಂತ ಹೆಚ್ಚು ವಯಸ್ಸು.

ಅವ್ವ ಬಂದು ಬೈಕಿನ ಹಿಂದೆ ಕೂತಳು. ಹೆಗಲ ಮೇಲಿಟ್ಟ ಅವಳ ಕೈ ತಣ್ಣಗಿತ್ತು. ಗೇರ್ ಬದಲಿಸಲು ಹೋದಾಗ ಹೆಗಲು ಒತ್ತಿದಳು.

"ಮೆಲ್ಲಕ ಹೊಡಿ. ನಡ್ಕೊಂಡು ಬರಾಕತ್ತಾರ."

ವಿದ್ಯಾಗಿರಿ ದಾಟುವವರೆಗೂ ಮೊದಲ ಗೇರಿನಲ್ಲೇ ಹೋದೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆದು, ಬೈದು, ಪಕ್ಕದಿಂದ ದಾಟಿಕೊಂಡವು. ಕನ್ನಡಿಯಲ್ಲಿ ನೋಡುವ ಧೈರ್ಯ ನನಗಾಗಲಿಲ್ಲ. ಅವ್ವ ಆಗಾಗ ಹಿಂದೆ ತಿರುಗಿ ಏನೋ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ಅದು ನನಗಲ್ಲ. ನೀರಿನ ಟಾಕಿ ಬಂದಾಗ ಕೂಗಿ ಹೇಳಬೇಕೆನಿಸಿತು, ಬಾಯಿ ತೆರೆದವನು ಹಾಗೇ ಮುಚ್ಚಿದೆ. ಎಡಗಡೆಯ ಇಂಡಿಕೇಟರ್ ಹಾಕಿ, ಹಿಂದೆ ನಡೆದು ಬರುವವರಿಗೆ ತಿರುವು ಕಾಣುವಷ್ಟು ಹೊತ್ತು ಅಲ್ಲೇ ನಿಂತೆ.