ಮಾವಶಿಯ ಗೋಡೆ, ನಮ್ಮ ಬೂಷ್ಟು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಗೋಕಾಕದ ಹಳೇ ಪೇಟೆಯಲ್ಲಿ ಮಣ್ಣಿನ ಮಾಳಿಗೆಯ ಮನೆಯೊಂದರಲ್ಲಿ ಬಾಡಿಗೆಗಿದ್ದೆವು. ಮುಂದಿನ ನಡುಮನೆ ಮಾಲಕಿಯದು, ಹಿಂದಿನ ಎರಡು ಖೋಲಿ ನಮ್ಮವು. ಮಾಲಕಿ ವಯಸ್ಸಾದ ಜೈನ ಹೆಂಗಸು, ಓಣಿಗೆಲ್ಲ ಮಾವಶಿ, ಚಿಕ್ಕಮ್ಮನಿದ್ದ ಹಾಗೆ. ನನ್ನ ಗಂಡ ಕೋರ್ಟಿನಲ್ಲಿ ಗುಮಾಸ್ತರು. ನಾನು ಮೂಡಲಗಿಯಿಂದ ಮದುವೆಯಾಗಿ ಬಂದವಳು, ಬಾಯಿ ಜೋರು ಎಂದು ತವರಿನಲ್ಲೇ ಹೆಸರಾದವಳು.

ಆ ಮಳೆಗಾಲ ನಾವು ಮಲಗುವ ಖೋಲಿಯ ಗೋಡೆಗೆ ಬೂಷ್ಟು ಹಿಡಿಯಿತು. ಮೊದಲು ಮೂಲೆಯಲ್ಲಿ ಕಪ್ಪು ಚುಕ್ಕೆಗಳು, ಆಮೇಲೆ ಹಾಸಿಗೆಯ ಉದ್ದಕ್ಕೂ ಹಬ್ಬಿತು. ಟ್ರಂಕಿನೊಳಗಿನ ಸೀರೆಗಳಿಗೂ ವಾಸನೆ ಹತ್ತಿತು. ಗೋಡೆ ರಿಪೇರಿ ಮಾಲಕರ ಜವಾಬ್ದಾರಿ, ಕಾಯ್ದೆಯೇ ಹಾಗಿದೆ ಎಂದು ಗಂಡ ಊಟದ ತಾಟಿನ ಮುಂದೆ ದಿನಾ ವಾದ ಮಂಡಿಸುತ್ತಿದ್ದರು. ಮಾವಶಿ ಎದುರಾದರೆ ಮಾತ್ರ ತಲೆ ಬಗ್ಗಿಸಿ ಹೋಗುತ್ತಿದ್ದರು. ಮನೇಲಿ ಹುಲಿ, ಬೀದೀಲಿ ಇಲಿ. ಕೊನೆಗೆ ನಾನೇ ಹೋಗಿ, ಗೋಡೆ ತಿಕ್ಕಿಸಿ ಸುಣ್ಣ ಹೊಡೆಸಿ ಕೊಡಿ ಎಂದೆ.

"ಚಾತುರ್ಮಾಸ ನಡದೈತಿ ತಂಗಿ. ಬೂಷ್ಟು ಅಂದ್ರ ಅದೂ ಜೀವ. ದೀಪಾವಳಿಗೆ ತಾನ ಒಣಗಿದಮ್ಯಾಲ ಸುಣ್ಣ ಹೊಡಸೂಣು. ಅಲ್ಲೀತನಕ ಮುಟ್ಟಬ್ಯಾಡ" ಎಂದರು ಮಾವಶಿ. ಮಳೆಗಾಲದಲ್ಲಿ ಅಂಗಳದ ಪಾಚಿಯನ್ನೂ ತುಳಿಯದೆ ಸುತ್ತಿ ಬಳಸಿ ನಡೆಯುವವರು ಅವರು.

ಹೇಳಬೇಕಾದ ಮಾತನ್ನು ಮಾತ್ರ ನಾನು ಹೇಳಲಿಲ್ಲ. ನನ್ನ ಎರಡು ವರ್ಷದ ಮಗಳಿಗೆ ಉಬ್ಬಸ ಶುರುವಾಗಿತ್ತು. ಕೂಸನ್ನು ಹಸಿ ಗೋಡೆಯಿಂದ ದೂರ ಇಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ದಮ್ಮಿನ ಕೂಸು ಎಂದು ಗೊತ್ತಾದರೆ ಮನೆ ಬಿಡಿಸುತ್ತಾರೆ ಎಂಬ ಅಂಜಿಕೆ ನನಗೆ. ಹುಕ್ಕೇರಿಯಲ್ಲಿದ್ದ ಅತ್ತೆಯ ಕಿವಿಗೆ ಬಿದ್ದರಂತೂ ಮುಗಿದೇ ಹೋಯಿತು. ಸಂತೆಗೆ ಎಂದು ಹೇಳಿ ದವಾಖಾನೆಗೆ ಹೋಗಿಬರುತ್ತಿದ್ದೆ.

ಒಂದು ಮಧ್ಯಾಹ್ನ ಮಾವಶಿ ಪ್ರವಚನ ಕೇಳಲು ಬಸದಿಗೆ ಹೋದರು. ನಾನು ಸೆರಗು ಕಟ್ಟಿ, ಸೋಡಾ ಕಲಸಿದ ಬಿಸಿನೀರಿನಿಂದ ಇಡೀ ಗೋಡೆ ತಿಕ್ಕಿ, ಮೇಲೆ ಸುಣ್ಣ ಬಳಿದೆ. ಗೆದ್ದೆ ಅನಿಸಿತು, ಸುಳ್ಳು ಯಾಕೆ ಹೇಳಲಿ. ಮಾವಶಿ ಬಂದಾಗ ಹಸಿ ಸುಣ್ಣದ ವಾಸನೆ ಅವರ ಮೂಗಿಗೆ ಬಡಿಯದೆ ಇರುತ್ತದೆಯೇ? ಆದರೂ ಕಾಲು ತೊಳೆದು ಸೀದಾ ತಮ್ಮ ನಡುಮನೆಗೆ ಹೋದರು.

ಮರುದಿನ ಅವರ ಒಲೆಯ ಮೇಲೆ ನೀರು ಕುದಿಯಿತೇ ಹೊರತು ಬೇರೇನೂ ಏರಲಿಲ್ಲ. ಅದರ ಮರುದಿನವೂ ಅಷ್ಟೇ. ಹಿಂದಿನ ಖೋಲಿಯಲ್ಲಿ ನಾನು ಹಾಕುವ ಒಗ್ಗರಣೆಯ ಘಾಟು ಅವರ ನಡುಮನೆಗೇ ಹೋಗುತ್ತಿತ್ತು. ನಾನು ತಾಟು ಸರಿಸಿ ಎದ್ದೆ. ಹೋಗಿ, ಗೋಡೆ ತಿಕ್ಕಿದವಳು ನಾನು, ನಿಮಗ್ಯಾಕೆ ಉಪವಾಸ ಎಂದು ಕೇಳಿದೆ.

"ಬಾಡಿಗಿ ನಿಂದು ಖರೆ, ಮನಿ ನಂದು" ಎಂದರು. "ಮನ್ಯಾಗ ಆದದ್ದಕ್ಕ ನಾನ ಹೊಣಿ."

ಚುಚ್ಚಲಿಕ್ಕೇ ಆಡಿದ ಮಾತು ಎಂದುಕೊಂಡು ನನಗೆ ಸಿಟ್ಟು ಬಂತು. ಮಗಳ ಉಬ್ಬಸ, ಡಾಕ್ಟರ ಮಾತು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟೆ. ಮಾವಶಿಯ ಮುಖ ಸಣ್ಣದಾಯಿತು.

"ಮೊದಲ ಯಾಕ ಹೇಳಲಿಲ್ಲ? ಕೂಸಿನ್ನ ನನ್ನ ನಡುಮನ್ಯಾಗ ಮಲಗಸ್ತಿದ್ನಲ್ಲ."

ಗೋಡೆ ಹಿಡಿದು ಎದ್ದು ನಮ್ಮ ಖೋಲಿಗೆ ಬಂದರು. ಮಗಳ ಎದೆಗೆ ಕಿವಿಯಿಟ್ಟರು. ಆಮೇಲೆ ತಲೆಯೆತ್ತಿ ನೋಡಿದರು. ಮಾಳಿಗೆಯ ಬೆಳಕಿಂಡಿಯಿಂದ ಹನಿ ಬೀಳುತ್ತದೆಂದು ಮಳೆ ಶುರುವಾದಾಗಲೇ ನಾನು ಗಂಡನನ್ನು ಮೇಲೆ ಹತ್ತಿಸಿ, ಅದಕ್ಕೆ ತಗಡು ಮುಚ್ಚಿಸಿ ಕಲ್ಲು ಹೇರಿಸಿದ್ದೆ. ಕಿಟಕಿಯಿಲ್ಲದ ಆ ಖೋಲಿಗೆ ಗಾಳಿಯ ದಾರಿ ಅದೊಂದೇ. ಅಡುಗೆಯ ಉಗಿ, ಒಳಗೇ ಒಣಹಾಕುವ ಕೂಸಿನ ಬಟ್ಟೆಗಳ ಹಸಿ, ಎಲ್ಲವೂ ಗೋಡೆಗೇ ಇಳಿಯುತ್ತಿತ್ತು.

ಮಾವಶಿ ತಗಡು ತೆಗೆಸು ಎಂದರು, ಅಷ್ಟೇ. ತೆಗೆಸಿ, ಹನಿ ಬೀಳುವಲ್ಲಿ ಬೋಗುಣಿ ಇಟ್ಟೆವು. ಬೂಷ್ಟು ಮತ್ತೆ ಬರಲಿಲ್ಲ. ಆ ಜೀವಗಳನ್ನು ಹುಟ್ಟಿಸಿದವರು ನಾವು, ಕೊಂದವರೂ ನಾವು. ಉಪವಾಸ ಮಾತ್ರ ಅವರದು.

ಆ ಸಂಜೆಯಿಂದಲೇ ಮಗಳ ಹಾಸಿಗೆ ನಡುಮನೆಗೆ ಹೋಯಿತು. ಉಪವಾಸ ಬಿಡಿ ಎಂದು ಕೈಮುಗಿದೆ. ಹಿಡಿದದ್ದನ್ನು ಮುಗಿಸಿಯೇ ಬಿಡುತ್ತೇನೆ ಎಂದರು. ನೀರಾದರೂ ಕಾಯಿಸಿ ತರುತ್ತೇನೆ ಎಂದೆ. ವ್ರತದ ನೀರನ್ನು ಅವರೇ ಸೋಸಿ, ತಮ್ಮ ಒಲೆಯ ಮೇಲೇ ಕಾಯಿಸಿಕೊಳ್ಳಬೇಕು. ಬೇಡವೆಂದು ಕೈಯಾಡಿಸಿ, ತಮ್ಮ ಕೌದಿಯನ್ನು ಮಗಳಿಗೆ ಹೊದಿಸಿದರು. ನಾನು ಬರಿಗೈಯಲ್ಲಿ ಬಾಗಿಲಲ್ಲಿ ನಿಂತೇ ಇದ್ದೆ.