ಕ್ರ್ಯಾಂಕ್ ಕೂರಿಸಿದ ಶುಕ್ರವಾರ

ಆವತ್ತು ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದು, ಹಾಲು ಕಾಯಿಸಿ, ಅವರೆಕಾಳಿನ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವ ಹೊತ್ತಿಗೆ ನಮ್ಮ ಯಜಮಾನರು ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಎಂಜಿನ್ನಿನ ಭಾಗಗಳನ್ನು ಒರೆಸುತ್ತಿದ್ದರು.

ಬಾಪೂಜಿ ನಗರದ ಈ ಶೆಡ್ಡಿನಲ್ಲಿ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸುತ್ತಲೇ ಅವರು ತಲೆ ನರೆಸಿಕೊಂಡವರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಇದೇ ಮೊದಲ ಎಂಜಿನ್, ಯಾವುದೋ ಕಲ್ಯಾಣ ಮಂಟಪದ ಜನರೇಟರಿನದು. "ಇದೊಂದು ಸರಿಯಾಗಿ ಕೂತ್ರೆ ಮುಂದಕ್ಕೆ. ಇಲ್ಲಾಂದ್ರೆ ಶೆಡ್ಡಿಗೆ ಬೀಗ" ಎಂದು ಹಿಂದಿನ ದಿನ ಊಟಕ್ಕೆ ಕೂತಾಗ, ಉಪ್ಪಿನಕಾಯಿ ಕೇಳುವ ದನಿಯಲ್ಲೇ ಹೇಳಿದ್ದರು. ನಾನು ಉಪ್ಪಿನಕಾಯಿ ಬಡಿಸಿದ್ದೆ.

ಒರೆಸಿದ್ದಕ್ಕೆಲ್ಲ ನನ್ನ ಹಳೆಯ ಕಾಟನ್ ಸೀರೆ ಹೊದಿಸಿ ತಿಂಡಿಗೆ ಬಂದರು. ವಾಪಸು ಹೋದಾಗ ಶೆಡ್ಡಿನಲ್ಲಿ ಊದುಬತ್ತಿಯ ವಾಸನೆ. ನಮ್ಮ ಅತ್ತೆ ಸೀರೆ ಸರಿಸಿ, ಎಂಜಿನ್ನಿಗೂ ಸಾಲಾಗಿಟ್ಟಿದ್ದ ಕಮಾನಿನಾಕಾರದ ಐದು ಕ್ಯಾಪುಗಳಿಗೂ ಕುಂಕುಮವಿಟ್ಟು, ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

"ಏನಮ್ಮಾ ಇದು?"

"ಶುಕ್ರವಾರ ಕಣೋ. ಹಂಗೇ ಶುರು ಮಾಡಕ್ಕಾಗುತ್ತಾ?"

ಹೊರಮೈ ಮೇಲಿನ ಬೊಟ್ಟಿನಿಂದ ಎಂಜಿನ್ನಿಗೇನೂ ಆಗುವುದಿಲ್ಲ. ಯಜಮಾನರು ಅಂಗಿಯ ತೋಳು ಮಡಚಿ ಕೆಲಸಕ್ಕಿಳಿದರು.

ತಲೆಕೆಳಗಾಗಿ ಮಲಗಿಸಿದ ಎಂಜಿನ್ ಬ್ಲಾಕಿನಲ್ಲಿ ಐದು ತೊಟ್ಟಿಲಿನಂಥ ತಗ್ಗುಗಳು. ಒಂದೊಂದಕ್ಕೂ ಅರ್ಧ ಬಳೆಯಂಥ ಬೇರಿಂಗ್ ಕೂರಿಸಿ, ಅದರ ಒಳಮೈಗೆ ಎಣ್ಣೆ ಸವರಿದರು. ಆ ಬಳೆಗಳೊಳಗೆ ತಿರುಗುವ ಭಾರೀ ಉಕ್ಕಿನ ದಂಡ, ಅಂದರೆ ಕ್ರ್ಯಾಂಕನ್ನು ಸರಪಳಿಯಲ್ಲಿ ಇಳಿಸುವಾಗ ಒಂದು ತುದಿ ಹಿಡಿಯುವುದು ನನ್ನ ಕೆಲಸ.

"ಸಮ, ಸಮ... ಮಗು ಮಲಗಿಸ್ದಂಗೆ ಕಣೇ."

ನಮ್ಮ ಮಕ್ಕಳನ್ನು ಮಲಗಿಸುವಾಗ ಇವರು ಇಷ್ಟು ಮೆಲ್ಲಗೆ ಮಾತಾಡಿದ್ದು ನನಗೆ ನೆನಪಿಲ್ಲ.

ಆಮೇಲೆ ಮೇಲಿನಿಂದ ಒಂದೊಂದೇ ಕ್ಯಾಪ್, ಅದರೊಳಗೂ ಒಂದು ಅರ್ಧ ಬಳೆ. ನಡುವಿನದರಿಂದ ಶುರು. ಒಂದು ಬಿಗಿದ ಕೂಡಲೇ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಬೇಕು. ನಾಲ್ಕರವರೆಗೂ ಸಲೀಸಾಗಿ ತಿರುಗಿತು. ಐದನೆಯದು ಬಿಗಿದದ್ದೇ ನಿಂತುಬಿಟ್ಟಿತು. ಸಡಿಲಿಸಿದರೆ ತಿರುಗುತ್ತದೆ, ಬಿಗಿದರೆ ಇಲ್ಲ.

ಅವರು ಆ ಕ್ಯಾಪ್ ಬಿಚ್ಚಿ ಹಲಗೆಯ ಮೇಲಿಟ್ಟರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

"ಕ್ರ್ಯಾಂಕ್ ಅಳತೇಲಿ ತಪ್ಪಿದೀನಿ. ಮೈಕ್ರೋಮೀಟರ್ ಗೆರೆ ಸರಿಯಾಗಿ ಕಂಡಿಲ್ಲ. ಬಿಡು, ಸಾಕು."

"ಇನ್ನೊಂದ್ಸಲ ನೋಡ್ರೀ."

"ಯಾವ ಕಣ್ಣಲ್ಲಿ ನೋಡ್ಲಿ?"

ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಪ್ರೇಯರ್ ಮುಗಿದ ಕೂಡಲೇ ನಮ್ಮ ಕಿವಿಯ ಹಿಂಭಾಗ ನೋಡುತ್ತಿದ್ದರು. ಮುಂದುಗಡೆ ಎಲ್ಲರೂ ತೊಳೆಯುತ್ತಾರೆ ಎಂಬುದು ಅವರ ವಾದ. ಇವತ್ತಿಗೂ ತಟ್ಟೆಯಾಗಲಿ ಲೋಟವಾಗಲಿ ತಿರುಗಿಸಿ ನೋಡದೆ ನಾನು ಎತ್ತಿಡಲಾರೆ. ಹಾಗೇ ಬೇರಿಂಗನ್ನೂ ಕ್ಯಾಪಿನಿಂದ ಬಿಡಿಸಿ ತಿರುಗಿಸಿದೆ. ಬೆನ್ನಿನ ನಟ್ಟನಡುವೆ ಕುಂಕುಮ, ಬಿಲ್ಲೆಯಂತೆ ಅಪ್ಪಚ್ಚಿಯಾಗಿತ್ತು.

"ರೀ, ಬನ್ನಿ ಇಲ್ಲಿ."

ಬಂದು ನೋಡಿದರು. ಬೆಳಗ್ಗೆ ನಾಲ್ಕು ಕ್ಯಾಪುಗಳು ಬೋರಲಾಗಿದ್ದದ್ದರಿಂದ ಬೊಟ್ಟು ಹೊರಮೈಗೆ ಬಿದ್ದಿತ್ತು. ಇದೊಂದು ಅಂಗಾತವಿತ್ತು, ಅತ್ತೆ ತಗ್ಗಿನೊಳಗೇ ಇಟ್ಟಿದ್ದರು. ಆಗಲೇ ಒರೆಸಿದ್ದೇನಲ್ಲ ಎಂದು ಇವರು ನೋಡದೆ ಅದರ ಮೇಲೇ ಬೇರಿಂಗ್ ಕೂರಿಸಿದ್ದರು.

"ಅಮ್ಮಾ, ಒಳಗ್ಯಾಕೆ ಇಟ್ಟೆ? ಅಲ್ಲಿ ಧೂಳಿಗೂ ಜಾಗ ಇಲ್ಲ."

"ಎಣ್ಣೆಗಿದೆ, ದೇವ್ರ ಕುಂಕುಮಕ್ಕಿಲ್ವಾ?"

"ಎಣ್ಣೆ ಹಾಕೋದು ಈ ಕಡೆ. ನೀನಿಟ್ಟಿರೋದು ಆ ಕಡೆ."

"ಹಂಗಾದ್ರೆ ಈ ಕಡೆ ಇಡ್ಬೇಕಿತ್ತು ಅನ್ನು" ಎಂದರು ಅತ್ತೆ, ಮುಂದಿನ ಸಲಕ್ಕೆ ನೆನಪಿಟ್ಟುಕೊಳ್ಳುವವರಂತೆ.

ಒತ್ತಿಹೋದ ಬೇರಿಂಗ್ ಬೇಡವೆಂದು ಯಜಮಾನರು ತಾವೇ ಸ್ಕೂಟರಿನಲ್ಲಿ ಹೋಗಿ ಹೊಸ ಸೆಟ್ ತಂದರು. ಕ್ರ್ಯಾಂಕಿನ ಆ ಜಾಗವನ್ನು ಮತ್ತೆ ಅಳೆದರು. ಮೊದಲಿನ ಅಳತೆಯೇ ಬಂತು. ಇನ್ನೊಮ್ಮೆ ಅಳೆದರು, ಅದೇ. ಎರಡನೇ ಸಲ ಕಾಫಿ ಕೇಳಿದರು. ಸಂಜೆಯ ಹೊತ್ತಿಗೆ ಐದೂ ಕ್ಯಾಪ್ ಬಿಗಿದು, ಕ್ರ್ಯಾಂಕನ್ನು ನನ್ನ ಕೈಯಿಂದಲೇ ತಿರುಗಿಸಿದರು. ಸದ್ದಿಲ್ಲದೆ ತಿರುಗಿತು. ಅತ್ತೆ ಕುರ್ಚಿಯಿಂದಲೇ ಕೈ ಮುಗಿದರು.

ಯಜಮಾನರು ಗೇಟಿನ ಪಕ್ಕದ ನಲ್ಲಿಯಲ್ಲಿ ಸೋಪಿನ ಪುಡಿ ಹಾಕಿ ಕೈ ತಿಕ್ಕುತ್ತಿದ್ದಾಗ, ಎದುರು ಮನೆಯ ಹುಡುಗ ಆಫೀಸಿನಿಂದ ಬಂದು ಬೈಕ್ ನಿಲ್ಲಿಸಿದ.

"ಏನಾಂಟಿ, ಅಂಕಲ್ ಮತ್ತೆ ಶುರು ಹಚ್ಕೊಂಡ್ರಾ?"

"ಹೂಂನಪ್ಪಾ."

"ಅಯ್ಯೋ, ಕಣ್ಣಿನ ಆಪರೇಷನ್ ಆದ್ಮೇಲೆ ಶೆಡ್ ಖಾಲಿ ಆಗುತ್ತೆ, ನಿಲ್ಸಕ್ಕೆ ಜಾಗ ಸಿಗುತ್ತೆ ಅಂತ ನಾನು ಕಾರ್ ಬುಕ್ ಮಾಡ್ಬಿಟ್ಟಿದೀನಲ್ಲಾ."